ಗುಡ್ಡೆಗೆ ಮುಖ ಮಾಡಿದ ಕುರ್ಚಿ

ಓದಲು ಕುಳಿತ ಎಲ್ಲರಿಗೂ ನಮಸ್ಕಾರ. ನಾನು ಶಾಲೆಯ ಮುಖ ನೋಡಿದ್ದೇ ಮೀಸೆ ಬಂದ ಮೇಲೆ. ಹಗಲು ಕಡಬದಲ್ಲಿ ಟಯರ್ ಪಂಕ್ಚರ್ ಹಾಕುವ ಕೆಲಸ, ಸಂಜೆ ದೊಡ್ಡವರ ತರಗತಿಯಲ್ಲಿ ಅಕ್ಷರ, ಹೀಗೆ ಕಲಿತವನು. ಈಗ ಒಂದು ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದೇನೆ. ಒತ್ತಕ್ಷರ, ದೀರ್ಘ ಅಲ್ಲಲ್ಲಿ ತಪ್ಪಿದ್ದರೆ ದಯವಿಟ್ಟು ಬೇಸರ ಮಾಡಬೇಡಿ. ವಿಷಯ ತಪ್ಪದ ಹಾಗೆ ಬರೆಯಲು ನನ್ನಿಂದಾದಷ್ಟು ನೋಡಿಕೊಂಡಿದ್ದೇನೆ.

ಮೊನ್ನೆ ಪುತ್ತೂರಿನಲ್ಲಿ ಒಂದು ಆಸ್ಪತ್ರೆಯ ಹೊರಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ಒಬ್ಬ ಹುಡುಗಿ ಇದ್ದಳು. ಅವಳು ಕೈಯ ಹತ್ತಿರದ ಒಂದು ಗುಂಡಿ ಒತ್ತಿದಳು. ಸಣ್ಣ ಗುಂಯ್ ಎಂಬ ಸದ್ದು ಬಂತು. ಇಡೀ ಕುರ್ಚಿಯೇ ಹಿಂದಕ್ಕೆ ವಾಲಿತು. ಬೆನ್ನು ಮಾತ್ರ ಅಲ್ಲ, ಕೂರುವ ಜಾಗ, ಕಾಲಿಡುವ ಹಲಗೆ, ಎಲ್ಲ ಒಟ್ಟಿಗೆ. ಅವಳು ಆಕಾಶ ನೋಡುತ್ತಾ ಸ್ವಲ್ಪ ಹೊತ್ತು ಹಾಗೇ ಇದ್ದಳು. ನಾನು ಕಣ್ಣು ಕೀಳದೆ ನೋಡುತ್ತಿದ್ದೆ.

“ಎಂತ ಅಂಕಲ್, ಹಾಗೆ ನೋಡುದು? ನಿಮಗೂ ಒಂದು ಬೇಕಾ?” ಎಂದಳು.

“ಇಂಥದ್ದು ನಮ್ಮಲ್ಲಿ ಒಂದಿತ್ತು ಮಗಾ. ನೀನು ಹುಟ್ಟುವುದಕ್ಕೆ ಎಷ್ಟೋ ಮೊದಲು.”

“ಸುಳ್ಳು. ಆಗ ಬ್ಯಾಟರಿ ಎಲ್ಲಿತ್ತು?”

“ಬ್ಯಾಟರಿ ಇರಲಿಲ್ಲ. ಜೀಪಿನ ಜಾಕಿ ಇತ್ತು.”

ಅವಳು ನಕ್ಕಳು. ಅಷ್ಟರಲ್ಲಿ ಒಳಗಿನಿಂದ ಅವಳನ್ನು ಕರೆದರು. ಪೂರ್ತಿ ಕೇಳದೆ ಹೋದಳು. ಅವಳಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತಿದ್ದೇನೆ.

ನನ್ನ ಅಕ್ಕನನ್ನು ಇಚಿಲಂಪಾಡಿಯ ಕಡೆಗೆ ಕೊಟ್ಟಿತ್ತು. ಮನೆ ಗುಡ್ಡೆಯ ತಲೆಯ ಮೇಲೆ. ಕೆಳಗೆ ರಸ್ತೆಯವರೆಗೆ ಜೀಪು ಬರುತ್ತಿತ್ತು, ಅಲ್ಲಿಂದ ಮೇಲಕ್ಕೆ ಮುರಕಲ್ಲಿನ ಕಡಿದಾದ ಕಾಲುದಾರಿ. ಭಾವ ಕಾಳುಮೆಣಸು ಕೊಯ್ಯುವವರು. ಒಂಟಿ ಬಿದಿರಿನ ಏಣಿಯನ್ನು ಮರಕ್ಕೆ ಒರಗಿಸಿ, ಬೆನ್ನಿಗೆ ಗೋಣಿ ಕಟ್ಟಿಕೊಂಡು ಹತ್ತಿದರೆ ಇಳಿಯುವುದು ಗೋಣಿ ತುಂಬಿದ ಮೇಲೆಯೇ. ಮೇಲಿನಿಂದಲೇ ದಾರಿಯಲ್ಲಿ ಹೋಗುವವರಿಗೆಲ್ಲ ತಮಾಷೆ ಮಾಡುವ ದೊಡ್ಡ ಗಂಟಲು ಅವರದು. ಎಂಬತ್ತರ ಆಚೀಚೆ ಒಂದು ದಿನ ಏಣಿ ಜಾರಿತು. ತುಂಬ ಎತ್ತರದಿಂದೇನೂ ಅಲ್ಲ. ಆದರೆ ಬಿದ್ದದ್ದು ಕುತ್ತಿಗೆಯ ಮೇಲೆ.

ಆಸ್ಪತ್ರೆಯಿಂದ ಮನೆಗೆ ತರುವಾಗ ಎದೆಯಿಂದ ಕೆಳಗೆ ಅವರಿಗೆ ಏನೂ ತಿಳಿಯುತ್ತಿರಲಿಲ್ಲ. ಕೈಗಳನ್ನು ಎತ್ತುತ್ತಿದ್ದರು, ಮಣಿಕಟ್ಟು ಆಡಿಸುತ್ತಿದ್ದರು, ಆದರೆ ಬೆರಳುಗಳು ಹಿಡಿತಕ್ಕೆ ಬರುತ್ತಿರಲಿಲ್ಲ. ಆ ದೊಡ್ಡ ಗಂಟಲು ಸಣ್ಣದಾಗಿತ್ತು. ಉಸಿರನ್ನು ಎದೆಯಿಂದ ದೂಡಲು ಬಲ ಇರಲಿಲ್ಲ. “ಓಯ್” ಎಂದರೆ ಪಕ್ಕದ ಕೋಣೆಗೆ ಕೇಳಿಸಿದರೆ ಕೇಳಿಸಿತು.

ಅಕ್ಕ ಬೀಡಿ ಕಟ್ಟುತ್ತಿದ್ದಳು. ಮಡಿಲಲ್ಲಿ ಮೊರ, ಮೊರದಲ್ಲಿ ಎಲೆ ಮತ್ತು ಹೊಗೆಸೊಪ್ಪು, ಪಕ್ಕದಲ್ಲಿ ಮಂಚ. ಅವಳ ಕಿವಿ ಮಾತ್ರ ಯಾವಾಗಲೂ ಆ “ಓಯ್”ನ ಮೇಲೆ.

ಅವರ ನೆರೆಮನೆಯವರು ಕೇರಳದಿಂದ ಬಂದು ರಬ್ಬರ್ ಮಾಡಿಕೊಂಡವರು. ನಾವೆಲ್ಲ ಅವರನ್ನು ಅವರ ಮಲಯಾಳದಲ್ಲೇ ಚೇಟ, ಅಂದರೆ ಅಣ್ಣ, ಎನ್ನುವುದು, ಅವರ ಹೆಂಡತಿಯನ್ನು ಚೇಚಿ. ಅವರು ಭಾವನನ್ನು ಕರೆಯುವುದು ಮೋನೆ, ಮಗನೇ ಎಂದು. ಭಾವ ಅವರ ಮೆಣಸನ್ನೇ ಕೊಯ್ಯುವಾಗ ಬಿದ್ದದ್ದಲ್ಲ, ಆದರೂ ಚೇಟ ದಿನಾ ಬರುತ್ತಿದ್ದರು. ಭಾವನನ್ನು ಕುರ್ಚಿಯಲ್ಲಿ ಕೂರಿಸಲು ಶುರು ಮಾಡಿದಾಗ ಅವರು ರಬ್ಬರ್ ಒಣಗಿಸುವ ತಮ್ಮ ಹೊಗೆಮನೆಯಿಂದ ಒಳ್ಳೆಯ ರಬ್ಬರ್ ಶೀಟುಗಳನ್ನು ಹೊತ್ತು ತಂದರು. ಮಡಚಿ ಮಡಚಿ ಕುರ್ಚಿಯ ಮೇಲೆ ಇಟ್ಟರು. ಬೆರಳಿನಿಂದ ಒತ್ತಿ ತೋರಿಸಿದರು.

“ನೋಡು ಮೋನೆ, ಎಷ್ಟು ಮೆತ್ತಗೆ. ಮಂತ್ರಿಗೂ ಇಂಥ ಸೀಟ್ ಇಲ್ಲ.”

ಭಾವ ಹೇಳಿದರು, “ಚೇಟಾ, ನನಗೆ ಮೆತ್ತಗೆ ಉಂಟಾ ಗಟ್ಟಿ ಉಂಟಾ ಗೊತ್ತಾಗುದಿಲ್ಲ. ನೀವೇ ಕೂತು ನೋಡಿ ಹೇಳಿ.”

ಚೇಟ ಕೂತು ನೋಡಿದರು, ನಾನೂ ಕೂತು ನೋಡಿದೆ. ನಿಜವಾಗಿ ಸುಖ ಇತ್ತು. ನೆಲ್ಯಾಡಿಯಿಂದ ಕಡಬದವರೆಗೆ ಯಾರನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು. ನಮ್ಮ ಕಡೆ ಬಾಗಿಲಿಗೆ ಸಂದು ಬಿದ್ದರೆ ರಬ್ಬರ್, ಮೇಜು ಅಲುಗಿದರೆ ಕಾಲಿನ ಅಡಿಗೆ ರಬ್ಬರ್. ಮನುಷ್ಯನಿಗೂ ರಬ್ಬರ್ ಇಟ್ಟೆವು. ನಾವು ಕೂತದ್ದು ಒಂದು ನಿಮಿಷ, ಎದ್ದೆವು. ಭಾವ ಕೂತದ್ದು ಇಡೀ ಹಗಲು, ಏಪ್ರಿಲ್ ತಿಂಗಳ ಸೆಕೆಯಲ್ಲಿ. ಶೀಟು ಬೆವರಿಗೆ ಅಂಟಿತು, ಹೊಗೆಯ ವಾಸನೆಯೊಡನೆ ಬಿಸಿಯಾಯಿತು. ಒಂದು ಸಂಜೆ ಎತ್ತಿ ಮಲಗಿಸುವಾಗ ಅಕ್ಕ ಕಂಡಳು. ಅಂಗೈಯಷ್ಟು ಅಗಲ ಚರ್ಮ ಕಪ್ಪಾಗಿತ್ತು, ನಡುವೆ ಬಿರಿದಿತ್ತು. ಭಾವನಿಗೆ ಅದು ಗೊತ್ತೇ ಇರಲಿಲ್ಲ. ಅವರು ಆಗಲೂ ಏನೋ ತಮಾಷೆ ಹೇಳುತ್ತಿದ್ದರು.

ಪುತ್ತೂರಿನ ಡಾಕ್ಟರರು ಬೈಯಲಿಲ್ಲ, ಬಿಡಿಸಿ ಹೇಳಿದರು. ನಾವು ಕೂತಲ್ಲಿ ಗೊತ್ತಿಲ್ಲದೆಯೇ ಅಲುಗುತ್ತೇವೆ, ಭಾರವನ್ನು ಆಚೆಯಿಂದ ಈಚೆಗೆ ಹಾಕುತ್ತೇವೆ. ಇವರಿಗೆ ನೋವು ತಿಳಿಯುವುದಿಲ್ಲ, ಆದ್ದರಿಂದ ಅಲುಗುವುದಿಲ್ಲ. ಒಂದೇ ಕಡೆ ಭಾರ ಬಿದ್ದರೆ ಅಲ್ಲಿ ರಕ್ತ ಓಡುವುದಿಲ್ಲ, ಮಾಂಸ ಸಾಯುತ್ತದೆ. ಅರ್ಧ ಗಂಟೆಗೊಮ್ಮೆ ಆ ಭಾರ ತೆಗೆಯಬೇಕು. ಇನ್ನೊಮ್ಮೆ ಹೀಗಾದರೆ ಕೂರುವ ಆಸೆ ಬಿಡಬೇಕಾದೀತು.

ಆ ಮಾತು ಕೇಳಿದ ಮೇಲೆ ನಾನು ಬಸ್‌ಸ್ಟ್ಯಾಂಡಿನಲ್ಲಿ ಕೂತವರನ್ನೇ ನೋಡುತ್ತಿದ್ದೆ. ಹೌದು, ಯಾರೂ ಸುಮ್ಮನೆ ಕೂರುವುದಿಲ್ಲ. ಒಬ್ಬ ಕಾಲ ಮೇಲೆ ಕಾಲು ಹಾಕುತ್ತಾನೆ, ಒಬ್ಬಳು ಸೊಂಟ ಒಂದು ಕಡೆ ಮಾಡುತ್ತಾಳೆ. ಇಷ್ಟು ದೊಡ್ಡ ಭಾಗ್ಯವನ್ನು ಮೈ ನಮ್ಮನ್ನು ಕೇಳದೆ ನಮಗೆ ಕೊಡುತ್ತಾ ಇರುತ್ತದೆ ಎಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ಗಾಯ ಮಾಗುವವರೆಗೆ ಭಾವ ತಿಂಗಳುಗಟ್ಟಲೆ ಕವುಚಿ ಮಲಗಿದರು. ಚೇಟ ಆ ಶೀಟುಗಳನ್ನು ತಾವೇ ಎತ್ತಿಕೊಂಡು ಹೋದರು. ಸ್ವಲ್ಪ ದಿನ ಮುಖ ತೋರಿಸಲಿಲ್ಲ. ಭಾವನೇ ಅಕ್ಕನ ಹತ್ತಿರ ಹೇಳಿ ಕಳಿಸಿದರು, “ಬರ್ಲಿಕ್ಕೆ ಹೇಳು. ನೆಲ ನೋಡಿ ನೋಡಿ ಸಾಕಾಯಿತು, ಅವರ ಮುಖ ಅದಕ್ಕಿಂತ ಚೂರು ಚಂದ ಉಂಟು.”

ಮಾಗಿದ ಮೇಲೆ ಒಂದು ಆರಾಮಕುರ್ಚಿ ಸಿಕ್ಕಿತು. ಹಿಂದೆ ತೋಟದ ದೊರೆಗಳು ಕೂರುತ್ತಿದ್ದಂಥದ್ದು, ಬೆನ್ನಿನ ಕಡೆ ಹಲ್ಲು ಹಲ್ಲಾಗಿ ಹಿಂದಕ್ಕೆ ಇಳಿಯುವಂಥದ್ದು. ಅಕ್ಕನ ಲೆಕ್ಕ ಹೀಗಿತ್ತು: ಹೆಚ್ಚುಕಡಿಮೆ ಅರ್ಧ ಗಂಟೆಗೆ ಒಂದು ಕಟ್ಟು ಬೀಡಿ, ಅದು ಮುಗಿದು ನೂಲು ಸುತ್ತಿದ ಕೂಡಲೆ ಮೊರ ಕೆಳಗಿಟ್ಟು ಏಳುವುದು, ಬೆನ್ನನ್ನು ಇಳಿಸುವುದು, ಸ್ವಲ್ಪ ಹೊತ್ತು ಬಿಟ್ಟು ಪುನಃ ಏರಿಸುವುದು. ಗೋಡೆಯಲ್ಲಿ ಗಡಿಯಾರ ಇತ್ತು. ಅದನ್ನು ನೋಡುತ್ತಿರಲಿಲ್ಲ. ಕಟ್ಟಿಗೊಮ್ಮೆ ಏಳುವುದು ಅವಳ ಕಾಲಿಗೆ ಅಭ್ಯಾಸವಾಗಿ ಹೋಗಿತ್ತು.

ಆದರೆ ಆ ಕುರ್ಚಿಯಲ್ಲಿ ಒಂದು ಕಷ್ಟ ಇತ್ತು. ಬೆನ್ನು ಮಾತ್ರ ಇಳಿದಾಗ ಭಾವನ ಸೊಂಟ ಮುಂದಕ್ಕೆ ಜಾರುತ್ತಿತ್ತು. ಏರಿಸುವಾಗ ಇನ್ನಷ್ಟು ಜಾರುತ್ತಿತ್ತು. ಪ್ರತಿ ಸಲ ಅಕ್ಕ ಕಂಕುಳಿಗೆ ಕೈ ಹಾಕಿ ಅವರನ್ನು ಮೇಲಕ್ಕೆ ಎಳೆಯಬೇಕು. ಎಳೆದಾಗ ಚರ್ಮ ಉಜ್ಜಿ ಕೆಂಪಾಗುತ್ತಿತ್ತು. ಒತ್ತಡ ತೆಗೆಯಲು ಹೋಗಿ ಉಜ್ಜುವುದನ್ನು ತಂದುಕೊಂಡೆವು.

ಆಗಲೇ ನಮ್ಮ ತಂಗಿಗೆ ಮದುವೆ ನಿಶ್ಚಯವಾಯಿತು. ತಾಯಿಯ ಮನೆ ಸುಳ್ಯದಲ್ಲಿ, ಮದುವೆಯೂ ಅಲ್ಲಿಯೇ. ನಾನು ಹೇಳಲು ಹೋದೆ. ಅಕ್ಕ ಮೊರದಿಂದ ತಲೆ ಎತ್ತಲಿಲ್ಲ.

“ಒಳ್ಳೆಯದಾಯಿತು. ನಾನು ಬರುದಿಲ್ಲ. ಅಮ್ಮನಿಗೆ ಹೇಳು.”

“ಒಂದು ದಿನ ಅಲ್ವಾ ಅಕ್ಕ?”

“ಒಂದು ದಿನ ಎಂದರೆ ಎಷ್ಟು ಕಟ್ಟು, ನೀನೇ ಹೇಳು. ಪ್ರತಿ ಕಟ್ಟಿಗೆ ಯಾರು ಏಳುದು? ಚೇಚಿ ಮಧ್ಯಾಹ್ನ ಗಂಜಿ ಕುಡಿಸಿಯಾರು. ಅವರನ್ನು ಎಳೆದು ಕೂರಿಸ್ಲಿಕ್ಕೆ ಆ ಹೆಂಗಸಿಗೆ ಹೇಳ್ಲಿಕ್ಕೆ ಆಗ್ತದಾ?”

“ಆ ದಿನ ಮಲಗಿಯೇ ಇದ್ದರೆ?”

ಅಕ್ಕ ಉತ್ತರ ಕೊಡುವ ಮೊದಲು ಭಾವ ಮಾತಾಡಿದರು. “ಮಲಗಿದರೆ ಉಗುಳು ಗಂಟಲಿಗೆ ಸಿಕ್ಕಿ ಕೆಮ್ಮು ಬರ್ತದೆ ಮಾರಾಯ. ಕೆಮ್ಮಿ ಹೊರಗೆ ಹಾಕ್ಲಿಕ್ಕೆ ನನಗೆ ಬಲ ಇಲ್ಲ. ಒಬ್ಬನೇ ಮಲಗುದು ಕೂರುದಕ್ಕಿಂತ ಕಷ್ಟ.” ಆಮೇಲೆ ಹೇಳಿದರು, “ಅವಳು ಹೋಗಬೇಕು. ಮೂರು ವರ್ಷದಿಂದ ಇವಳು ಕೆಳಗಿನ ರಸ್ತೆ ನೋಡಿದ್ದು ಆಸ್ಪತ್ರೆಗೆ ಹೋಗುವಾಗ ಮಾತ್ರ.”

“ನಾನು ಕೇಳಿದೆನಾ ರಸ್ತೆ?” ಎಂದಳು ಅಕ್ಕ.

“ನೀನು ಕೇಳ್ಲಿಲ್ಲ. ಅದೇ ನನಗೆ ಆಗದ್ದು.”

ಹೊರಡುವಾಗ ಭಾವ ನನ್ನನ್ನು ಹತ್ತಿರ ಕರೆದರು. “ನನಗೆ ಮೈಯಲ್ಲಿ ನೋವು ಇಲ್ಲ, ಗೊತ್ತುಂಟಲ್ಲ. ಕರೆಯುದೇ ನೋವು. ದಿನಕ್ಕೆ ಎಷ್ಟು ಸಲ ಒಬ್ಬರನ್ನು ಕರೆಯುದು? ಅವಳು ಬೇಸರ ಮಾಡಿದರೆ ನನಗೆ ಸಿಟ್ಟು ಮಾಡ್ಲಿಕ್ಕಾದರೂ ಆಗ್ತಿತ್ತು. ಅವಳು ಮಾಡುದಿಲ್ಲ.” ನಾನು ಗುಡ್ಡೆ ಇಳಿಯುತ್ತಾ ಅದನ್ನೇ ಯೋಚಿಸಿದೆ. ಮದುವೆಗೆ ಇನ್ನೂ ತಿಂಗಳುಗಳಿದ್ದವು.

ನಡುವೆ ಪುತ್ತೂರಿಗೆ ತೋರಿಸಲು ಹೋಗುವ ದಿನ ಬಂತು. ನಮ್ಮ ಗುಡ್ಡೆಗಳಲ್ಲಿ ರೋಗಿಯನ್ನು ರಸ್ತೆಗೆ ಇಳಿಸುವ ಕ್ರಮ ಒಂದಿದೆ. ಮರದ ಕುರ್ಚಿಗೆ ಎರಡು ಬದಿಯಲ್ಲಿ ಬಿದಿರು ಕಟ್ಟಿ ನಾಲ್ಕು ಜನ ಹೊರುವುದು. ಇಳಿಯುವಾಗಲೂ ಹತ್ತುವಾಗಲೂ ರೋಗಿಯ ಮುಖ ಗುಡ್ಡೆಯ ಕಡೆಗೇ ಇರಬೇಕು. ಕಣಿವೆಗೆ ಮುಖ ಮಾಡಿದರೆ ಇಳಿಜಾರಿನಲ್ಲಿ ಮುಂದಕ್ಕೆ ಜಾರಿ ಬೀಳುತ್ತಾರೆ. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಹೊರಲು ಬಂದವರೆಲ್ಲ ಸುಮ್ಮನೆ ಕುರ್ಚಿಯನ್ನು ತಿರುಗಿಸುತ್ತಾರೆ.

ಹಿಂದಿನ ಸಲಗಳಲ್ಲಿ ಭಾವನನ್ನು ಮಲಗಿಸಿ ಕಂಬಳಿಯಲ್ಲಿ ಹೊತ್ತಿದ್ದೆವು. ಕುರ್ಚಿಯಲ್ಲಿ ಇದೇ ಮೊದಲು. ನಾನು ಮತ್ತು ಚೇಟ ಹಿಂದಿನ ಕಡೆ, ಅಂದರೆ ಕೆಳಗಿನ ಕಡೆ. ಊರಿನ ಇಬ್ಬರು ಮೇಲಿನ ಕಡೆ.

“ಜನ ಎಲ್ಲ ಪುತ್ತೂರಿಗೆ ಮುಂದಕ್ಕೆ ಹೋಗ್ತಾರೆ,” ಎಂದರು ಭಾವ. “ನಾನು ಮಾತ್ರ ರಿವರ್ಸ್ ಗೇರಿನಲ್ಲಿ.”

“ಹಾರ್ನ್ ಹೊಡಿ ಮೋನೆ, ಹಿಂದೆ ದನ ಉಂಟು,” ಎಂದರು ಚೇಟ, ಏದುಸಿರು ಬಿಡುತ್ತಾ.

ಅತ್ಯಂತ ಕಡಿದಾದ ಜಾಗಕ್ಕೆ ಬಂದೆವು. ಕುರ್ಚಿ ಪೂರಾ ಹಿಂದಕ್ಕೆ ವಾಲಿತು. ಭಾವನ ಮಂಡಿ ಎದೆಯ ಮಟ್ಟಕ್ಕೆ ಬಂತು, ಮುಖ ಮೇಲಕ್ಕೆ. ಭಾರವೆಲ್ಲ ಬೆನ್ನಿನ ಹಲಗೆಗೆ ಬಂದು ನಮ್ಮ ಹೆಗಲಿಗೆ ಗೊತ್ತಾಯಿತು. ನಾವು ಒಂದು ಬಂಡೆಗೆ ಬಿದಿರು ಆನಿಸಿ ದಣಿವಾರಿಸಿದೆವು. ಆಮೇಲೆ ಕೆಳಗೆ ಸಮ ಜಾಗಕ್ಕೆ ಹೋಗಿ ಇಳಿಸೋಣ ಎಂದು ಹೊರಟಾಗ ಭಾವ, “ನಿಲ್ಲಿ, ನಿಲ್ಲಿ,” ಎಂದರು.

“ಎಂತ ಆಯಿತು? ತಲೆ ತಿರುಗ್ತದಾ?” ಅಕ್ಕ ಓಡಿ ಬಂದಳು. ನೆಟ್ಟಗೆ ಕೂತರೆ ಅವರಿಗೆ ಕೆಲವೊಮ್ಮೆ ಕಣ್ಣು ಕತ್ತಲೆ ಬರುತ್ತಿತ್ತು.

“ಇಲ್ಲ. ತಿರುಗುತ್ತಿದ್ದದ್ದು ನಿಂತಿತು. ಹೀಗೇ ಇರ್ಲಿ ಸ್ವಲ್ಪ. ನಾನು ಜಾರಿದೆನಾ ನೋಡು.”

ಅಕ್ಕ ನೋಡಿದಳು. ಸೊಂಟದ ಹಿಂದೆ ಕೈ ತೂರಿಸಿದಳು. ಕೂರಿಸಿದಾಗ ಎಲ್ಲಿತ್ತೋ ಅಲ್ಲೇ ಇತ್ತು. ಅಡಿಗೆ ಕೈ ಹಾಕಿದಳು, ಕೈ ಸಲೀಸಾಗಿ ಒಳಗೆ ಹೋಯಿತು.

“ಜಾರ್ಲಿಲ್ಲ,” ಎಂದಳು. “ಅಡಿಯಲ್ಲಿ ಭಾರವೂ ಇಲ್ಲ.”

ಎಲ್ಲರೂ ಬಿದಿರು ಹಿಡಿದುಕೊಂಡೇ ಕುರ್ಚಿ ವಾಲಿದ್ದನ್ನು ನೋಡಿದೆವು. ಬೆನ್ನನ್ನು ಮಡಚಿ ಇಳಿಸುವುದಲ್ಲ, ಕೂತ ಭಂಗಿ ಹಾಗೇ ಇರುವಂತೆ ಇಡೀ ಕುರ್ಚಿಯನ್ನು ವಾಲಿಸುವುದು. ನಮ್ಮ ಅಜ್ಜಂದಿರ ಕಾಲದಿಂದ ಈ ದಾರಿಯಲ್ಲಿ ರೋಗಿಗಳನ್ನು ಹಾಗೆಯೇ ಇಳಿಸಿದ್ದೆವು. ಮನೆ ಮುಟ್ಟಿದ ಕೂಡಲೆ ನೆಟ್ಟಗೆ ಇಟ್ಟುಬಿಡುತ್ತಿದ್ದೆವು.

“ಹಾಗಾದರೆ ಗುಡ್ಡೆಯನ್ನು ಮನೆಯೊಳಗೆ ತರ್ಬೇಕು,” ಎಂದರು ಚೇಟ.

“ಮೊದಲು ನನ್ನನ್ನು ಜೀಪಿಗೆ ತನ್ನಿ ಮಾರಾಯ್ರೆ,” ಎಂದರು ಭಾವ.

ನಾನು ಕೆಲಸ ಮಾಡುತ್ತಿದ್ದ ಪಂಕ್ಚರ್ ಅಂಗಡಿಯ ಮೂಲೆಯಲ್ಲಿ ಗುಜರಿ ಜೀಪಿನ ಹಳೆಯ ಸ್ಕ್ರೂ ಜಾಕಿ ಬಿದ್ದಿತ್ತು. ಹಿಡಿ ತಿರುಗಿಸಿದರೆ ಮೆಲ್ಲಗೆ ಏರುವಂಥದ್ದು, ಎಲ್ಲಿ ಬಿಟ್ಟರೆ ಅಲ್ಲಿಯೇ ನಿಲ್ಲುವಂಥದ್ದು. ಧಣಿ ಅದನ್ನು ಒಯ್ಯಲು ಹೇಳಿದರು. ಚೇಟ ಪೈಪು, ಪಟ್ಟಿ ಹೊಂದಿಸಿದರು. ಕಡಬದಲ್ಲಿ ಗೇಟು ಗ್ರಿಲ್ ಮಾಡುವವರಲ್ಲಿ ವೆಲ್ಡಿಂಗ್ ಮಾಡಿಸಿದೆವು. ಕೆಳಗೆ ಗಾಲಿ ಇರುವ ಚೌಕಟ್ಟು, ಮೇಲೆ ಕಾಲುಹಲಗೆ ಸಮೇತ ಮರದ ಕುರ್ಚಿ. ಕುರ್ಚಿಯ ಹಿಂದಿನ ಅಂಚಿಗೆ ಕೀಲು, ಮುಂದಿನ ಅಂಚಿನ ಅಡಿಗೆ ಜಾಕಿ. ಜಾಕಿ ಏರಿದರೆ ಮುಂದೆ ಎದ್ದು ಹಿಂದಕ್ಕೆ ವಾಲಬೇಕು. ಹಿಡಿಯನ್ನು ಬಲಗೈ ಮುಟ್ಟುವಲ್ಲಿಗೆ ತಂದೆವು. ಬೆರಳು ಹಿಡಿಯದು, ಹಾಗಾಗಿ ಹಿಡಿಗೆ ಸೈಕಲ್ ಟ್ಯೂಬಿನ ಬಳೆ ಸುತ್ತಿದೆ. ಅಂಗೈ ಅದರೊಳಗೆ ತೂರಿಸಿ ಮಣಿಕಟ್ಟಿನಿಂದ ತಿರುಗಿಸಬಹುದು. ರಬ್ಬರ್ ಇಷ್ಟು ಮಾತ್ರ. ಕೂರುವಲ್ಲಿ ಅಕ್ಕ ಬೂರುಗದ ಹತ್ತಿಯ ದಿಂಬು ಹೊಲಿದಳು. ಚೇಟ ಅದನ್ನು ಒತ್ತಿ ನೋಡಲು ಹೋಗಿ ಕೈ ಹಿಂದಕ್ಕೆ ತೆಗೆದುಕೊಂಡರು.

ಭಾವನನ್ನು ಕೂರಿಸಿದೆವು. ಅವರು ಬಳೆಗೆ ಕೈ ತೂರಿಸಿದರು. ದೂಡಿದರು. ಹಿಡಿ ಅಲುಗಲಿಲ್ಲ. ಇನ್ನೊಮ್ಮೆ ದೂಡಿದರು. ಕುತ್ತಿಗೆಯ ನರ ಎದ್ದಿತು, ಮುಖ ಕೆಂಪಾಯಿತು. ಹಿಡಿ ಅರ್ಧ ಸುತ್ತು ಹೋಗಿ ನಿಂತಿತು.

“ನಾನು ತಿರುಗಿಸ್ತೇನೆ,” ಎಂದು ಅಕ್ಕ ಮುಂದೆ ಬಂದಳು. ಅವಳು ತಿರುಗಿಸಿದಳು, ಕುರ್ಚಿ ಚಂದವಾಗಿ ವಾಲಿತು. “ಸಾಕಲ್ಲ? ಎಳೆಯುವ ಕೆಲಸ ಹೋಯಿತು. ತಿರುಗಿಸ್ಲಿಕ್ಕೆ ನಾನಿದ್ದೇನೆ.”

ಎಲ್ಲರಿಗೂ ಹೌದು ಅನಿಸಿತು. ಅಷ್ಟಾದರೂ ಆಯಿತಲ್ಲ. ಆದರೆ ಭಾವ ಅಂಗಳ ನೋಡುತ್ತಾ ಕೂತಿದ್ದರು. ತಮಾಷೆ ಇಲ್ಲ, ಏನೂ ಇಲ್ಲ.  ಸಂಜೆ ಹೊರಡುವಾಗ ಒಂದೇ ಮಾತು ಹೇಳಿದರು, “ಅವಳು ತಿರುಗಿಸುದಾದರೆ ಅವಳು ಇಲ್ಲಿಯೇ ಇರ್ಬೇಕಲ್ಲ.”

ಮುಂದಿನ ಭಾನುವಾರ ಪುನಃ ಹೋದೆ, ಚೇಟನೂ ಬಂದಿದ್ದರು. ನನ್ನನ್ನು ಕಂಡ ಕೂಡಲೆ ಭಾವ ಕೇಳಿದರು, “ಓ, ಗುಡ್ಡೆಯಲ್ಲಿ ಬಂಡೆಗೆ ಆನಿಸಿ ನಿಲ್ಲಿಸಿದಿರಲ್ಲ, ಆಗ ನಿಮ್ಮ ಕೈಗೆ ಭಾರ ಇತ್ತಾ?”

“ಇರಲಿಲ್ಲ. ಒಂದು ಬೆರಳಲ್ಲಿ ಹಿಡಿದಿದ್ದೆ.”

“ಬಂಡೆ ಬಿದಿರಿಗೆ ಎಲ್ಲಿ ತಾಗಿತ್ತು? ಹಿಂದಿನ ತುದಿಗಾ, ನಡುವಿಗಾ?”

ನಾನು ಚೇಟನ ಮುಖ ನೋಡಿದೆ. ನಡುವಿಗೆ. ಭಾವನ ಸೊಂಟದ ನೇರ ಅಡಿಗೆ. ನಾವು ಕೀಲನ್ನು ಹಿಂದಿನ ತುದಿಗೆ ಇಟ್ಟು ಇಡೀ ಮನುಷ್ಯನನ್ನು ಜಾಕಿಯಿಂದ ಎತ್ತಿಸುತ್ತಿದ್ದೆವು.

ಅಂಗಳದಲ್ಲಿ ಒಂದು ಅಡಿಕೆಮರದ ತುಂಡನ್ನು ಅಡ್ಡ ಹಾಕಿದೆವು. ಚೌಕಟ್ಟು ಬಿಚ್ಚಿ, ಭಾವ ಕೂತ ಕುರ್ಚಿಯನ್ನು ಅದರ ಮೇಲೆ ಇಟ್ಟೆವು. ನಾನೂ ಚೇಟನೂ ಎರಡು ಕಡೆ ಹಿಡಿದು ತುಂಡನ್ನು ಸ್ವಲ್ಪ ಸ್ವಲ್ಪವೇ ಮುಂದೆ ಹಿಂದೆ ಉರುಳಿಸಿದೆವು.

“ತಕ್ಕಡಿಯಲ್ಲಿ ಕೂರಿಸಿದ್ದೀರಲ್ಲ ನನ್ನನ್ನು. ಆಚೆ ಕಡೆ ಎಂತ ಇಡ್ತೀರಿ, ಬೆಲ್ಲವಾ?”

“ಅಲುಗಬೇಡ ಮೋನೆ!”

“ಚೇಟಾ, ಅಲುಗ್ಲಿಕ್ಕೆ ಆಗುದಾದರೆ ಇದೆಲ್ಲ ಯಾಕೆ?”

ಅಕ್ಕ ಬಾಗಿಲಲ್ಲಿ ನಿಂತು ಬೈಯುತ್ತಲೇ ಇದ್ದಳು. ಒಂದು ಕಡೆ ಬಂದಾಗ ಕುರ್ಚಿ ತಾನಾಗಿ ನಿಂತಿತು. ನಾನು ಕೈ ಬಿಟ್ಟೆ, ಚೇಟನೂ ಕೈ ಬಿಟ್ಟರು. ಭಾವ ತಲೆಯನ್ನು ಮೆಲ್ಲಗೆ ಹಿಂದಕ್ಕೆ ಹಾಕಿದರು. ಕುರ್ಚಿ ಹಿಂದಕ್ಕೆ ವಾಲಿತು. ತಲೆಯನ್ನು ಮುಂದಕ್ಕೆ ತಂದರು, ಮುಂದಕ್ಕೆ ಬಂತು. ಕುತ್ತಿಗೆಯ ಬಲದಿಂದ ಅವರು ತಮ್ಮ ಇಡೀ ಮೈಯನ್ನು ಆಡಿಸಿದರು. ಅಕ್ಕನ ಬೈಗುಳ ಅರ್ಧಕ್ಕೇ ನಿಂತಿತು.

ಕೀಲನ್ನು ಅಲ್ಲಿಗೇ ಹಾಕಿಸಿದೆವು, ಒಂದು ಬೆರಳಷ್ಟು ಹಿಂದಕ್ಕೆ. ಕಾಲಿನ ಕಡೆ ಚೂರು ಭಾರ ಉಳಿದರೆ ಕುರ್ಚಿ ಜಾಕಿಯ ಮೇಲೆ ಕೂತಿರುತ್ತದೆ, ತೂಗಾಡುವುದಿಲ್ಲ. ಈಗ ಹಿಡಿಯನ್ನು ಮಣಿಕಟ್ಟಿನಿಂದ ತಟ್ಟಿದರೂ ತಿರುಗುತ್ತಿತ್ತು. ಪೂರ್ತಿ ವಾಲಲು ಹೊತ್ತು ಹಿಡಿಯುತ್ತಿತ್ತು, ಕಿರ್ ಕಿರ್ ಎಂದು ಸದ್ದು. ಎಣ್ಣೆ ಬಿಡಬೇಕಾ ಎಂದು ಕೇಳಿದೆ. ಭಾವ ಬೇಡ ಎಂದರು. ಆ ಸದ್ದು ತನ್ನದು ಎಂದರು.

ಮದುವೆಯವರೆಗೆ ಅಭ್ಯಾಸ ನಡೆಯಿತು. ಅಕ್ಕ ನೂಲು ಸುತ್ತಿದ ಕೂಡಲೆ ಏಳುತ್ತಿದ್ದಳು, ಭಾವ “ಕೂತುಕೋ” ಎಂದು ತಾವೇ ತಿರುಗಿಸುತ್ತಿದ್ದರು. ಅವಳು ಕೂರುತ್ತಿರಲಿಲ್ಲ, ನಿಂತು ನೋಡುತ್ತಿದ್ದಳು. ಅವಳು ಇಲ್ಲದಾಗ ಕಟ್ಟಿನ ಲೆಕ್ಕ ಹೇಳುವವರು ಯಾರು? ಗಡಿಯಾರ ಕರೆದು ಹೇಳುವುದಿಲ್ಲ, ಅದಕ್ಕೆ ರೇಡಿಯೊ ಎಂದು ತೀರ್ಮಾನವಾಯಿತು. ಒಂದು ಕಾರ್ಯಕ್ರಮ ಮುಗಿದು ಇನ್ನೊಂದು ಶುರುವಾದಾಗ ಒಮ್ಮೆ ವಾಲುವುದು.

ಮದುವೆಯ ಬೆಳಿಗ್ಗೆ ನಾನು ಅಕ್ಕನನ್ನು ಕರೆದೊಯ್ಯಲು ಬಂದೆ. ಅವಳು ಸೀರೆ ಉಟ್ಟು, ಪುನಃ ದಿಂಬು ಸರಿಮಾಡಿ, ಮೂತ್ರದ ನಳಿಗೆ ಮಡಚಿಲ್ಲ ತಾನೆ ಎಂದು ನೋಡಿ, ರೇಡಿಯೊ ಹತ್ತಿರ ತಂದು, ದೂರ ಇಟ್ಟು, ಪುನಃ ಹತ್ತಿರ ತಂದು, ಬಾಗಿಲಿಗೆ ಬಂದಳು. ತಿರುಗಿ ಹೋದಳು.

“ಎಂತ ಬಿಟ್ಟದ್ದು?” ಎಂದರು ಭಾವ.

“ಎಂತ ಇಲ್ಲ.”

“ಹಾಗಾದರೆ ಹೋಗು ಮಾರಾಯ್ತಿ. ಮದುಮಗಳು ಮುದುಕಿ ಆಗ್ತಾಳೆ.”

ಚೇಚಿ ಮಧ್ಯಾಹ್ನ ಬಂದು ಗಂಜಿ ಕುಡಿಸಿ ಮೂತ್ರದ ಬಾಟಲಿ ಖಾಲಿ ಮಾಡುವುದೆಂದು ಆಗಿತ್ತು. ಉಳಿದ ಹೊತ್ತೆಲ್ಲ ಭಾವ ಒಬ್ಬರೇ. ಬಸ್ಸಿನಲ್ಲಿ ಅಕ್ಕ ಕಿಟಕಿಯ ಬದಿ ಕೂತಳು. ಹೊರಗೆ ನೋಡಲಿಲ್ಲ, ಮಡಿಲಲ್ಲಿ ಬೆರಳು ಆಡುತ್ತಿದ್ದವು, ಬೀಡಿಯ ಎಲೆ ಸುತ್ತುವಂತೆ.

ಸುಳ್ಯದಲ್ಲಿ ಅಮ್ಮ ಅವಳನ್ನು ತಬ್ಬಿಕೊಂಡರು. ತಂಗಿ ಮಂಟಪದಿಂದಲೇ ಅವಳನ್ನು ಕಂಡು ಕಣ್ಣು ಒರೆಸಿಕೊಂಡಳು. ಎಲ್ಲರೂ ಮಾತಾಡಿಸಿದರು. ಅಕ್ಕ ನಗುತ್ತಾ ಮಾತಾಡಿದಳು. ಆದರೆ ನಾನು ನೋಡುತ್ತಿದ್ದೆ: ಕೂತವಳು ಸ್ವಲ್ಪ ಹೊತ್ತಾದ ಕೂಡಲೆ ತಟ್ಟನೆ ಏಳುತ್ತಿದ್ದಳು. ಎದ್ದ ಮೇಲೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಸೆರಗು ಸರಿಮಾಡಿ ಕೂರುತ್ತಿದ್ದಳು. ಊಟದ ಪಂಕ್ತಿಯಲ್ಲಿ ಪಾಯಸ ಬಡಿಸುವಾಗಲೂ ಎದ್ದಳು.

“ಎಂತ ಬೇಕಿತ್ತು? ಹೇಳಿ, ತರ್ತೇನೆ,” ಎಂದ ಬಡಿಸುವವನು.

“ಎಂತ ಬೇಡ,” ಎಂದು ಅಕ್ಕ ಕೂತಳು. ಪಕ್ಕದಲ್ಲಿದ್ದ ಅಮ್ಮನಿಗೆ ಮೆಲ್ಲಗೆ ಹೇಳಿದಳು, “ಒಂದು ಕಟ್ಟು ಆಯಿತು.” ಅಮ್ಮನಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಅವಳ ಎಲೆಯಲ್ಲಿ ಪಾಯಸ ಹರಿದು ಹೋಗುತ್ತಿತ್ತು, ಅವಳು ಅದನ್ನು ತಡೆಯದೆ ನೋಡುತ್ತಾ ಕೂತಿದ್ದಳು.

ಸಂಜೆ ಬೆಳಕಿರುವಾಗಲೇ ಗುಡ್ಡೆಯ ಅಡಿಯಲ್ಲಿ ಇಳಿದೆವು. ಅಕ್ಕ ಮುಂದೆ, ನಾನು ಹಿಂದೆ. ಹೆಚ್ಚುಕಡಿಮೆ ಓಡುತ್ತಿದ್ದಳು. ಅಂಗಳದ ಹತ್ತಿರ ಒಮ್ಮೆ ನಿಂತಳು. ಒಳಗಿನಿಂದ ಕಿರ್ ಕಿರ್ ಎಂದು ಸದ್ದು ಕೇಳುತ್ತಿತ್ತು. ಅದು ಮುಗಿಯುವವರೆಗೆ ಅವಳು ಅಲ್ಲಿಯೇ ನಿಂತಳು.

ಒಳಗೆ ಭಾವ ಹಿಂದಕ್ಕೆ ವಾಲಿಕೊಂಡು ಮನೆಯ ಮಾಡನ್ನು ನೋಡುತ್ತಿದ್ದರು. “ಬಂದಿರಾ? ಪಾಯಸ ಯಾವುದು?”

 ಅಕ್ಕ ನೇರ ಹೋಗಿ ಅವರ ಸೊಂಟದ ಅಡಿಗೆ ಕೈ ಹಾಕಿದಳು. ಆಮೇಲೆ ಅವರನ್ನು ಮಂಚಕ್ಕೆ ಹಾಕಲು ನನ್ನನ್ನು ಕರೆದಳು, ಮಗ್ಗುಲು ಮಾಡಿ ಚರ್ಮ ನೋಡಿದಳು. ಹಳೆಯ ಗಾಯದ ಕಲೆ ಬಿಟ್ಟು ಬೇರೇನೂ ಇಲ್ಲ. ಕೆಂಪೂ ಇಲ್ಲ. ಅಷ್ಟಾದ ಮೇಲೆ ಅವಳು ನೆಲದಲ್ಲಿ ಕೂತಳು.

“ಒಮ್ಮೆಯೂ ಕರೀಲಿಲ್ಲವಾ?” ಎಂದು ಕೇಳಿದಳು. ಸಂತೋಷದಿಂದ ಕೇಳಿದಳೋ ಬೇಸರದಿಂದಲೋ, ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ.

ಭಾವ ರೇಡಿಯೊ ಕಡೆ ನೋಡಿದರು. “ಮಧ್ಯಾಹ್ನದ ಮೇಲೆ ರೇಡಿಯೊ ನಿಲ್ತದಲ್ಲ, ಸಂಜೆಯವರೆಗೆ ಎಂತದ್ದೂ ಇಲ್ಲ. ಮನೆಯಲ್ಲಿ ಒಂದು ಸದ್ದಿಲ್ಲ. ಆಗ ಒಮ್ಮೆ ಕರೆದೆ. ಅಭ್ಯಾಸದಲ್ಲಿ. ಕರೆದ ಮೇಲೆ ನೆನಪಾಯಿತು, ನೀನು ಸುಳ್ಯದಲ್ಲಿ ಅಂತ. ಮತ್ತೆ ಗಡಿಯಾರ ನೋಡಿ ನೋಡಿ ನಾನೇ ತಿರುಗಿಸಿದೆ.”

“ಯಾವಾಗ? ಊಟದ ಹೊತ್ತಿಗಾ?”

“ಅದಾಗಿ ಚೂರು ಆಚೆ.”

“ನಾನು ಎದ್ದಿದ್ದೆ,” ಎಂದಳು ಅಕ್ಕ.

 ಅವಳು ಸೆರಗಿನಲ್ಲಿ ಕಟ್ಟಿ ತಂದ ಹೋಳಿಗೆ ಬಿಚ್ಚಿದಳು, ಚೇಟನಿಗೆ ಒಂದು ಎತ್ತಿಟ್ಟಳು. ಮರುದಿನದಿಂದ ಅವಳು ಕಟ್ಟು ಮುಗಿದಾಗ ಏಳುವುದನ್ನು ಬಿಟ್ಟಳು. ತಲೆ ಮಾತ್ರ ಎತ್ತುತ್ತಿದ್ದಳು. ಕಿರ್ ಕಿರ್ ಎಂದ ಮೇಲೆ ಮುಂದಿನ ಎಲೆ ತೆಗೆಯುತ್ತಿದ್ದಳು. ಭಾವ ಆ ಕುರ್ಚಿಯಲ್ಲಿ ಇನ್ನೂ ಬಹಳ ಕಾಲ ಕೂತರು. ಮದುವೆ, ಬಾಣಂತನ, ಅಮ್ಮನ ಕಾಯಿಲೆ, ಎಲ್ಲದಕ್ಕೂ ಅಕ್ಕ ಸುಳ್ಯಕ್ಕೆ ಬಂದಳು.

ಪುತ್ತೂರಿನ ಆ ಹುಡುಗಿಯ ಕುರ್ಚಿ ನಮ್ಮದಕ್ಕಿಂತ ಎಷ್ಟೋ ಮೇಲು. ಗುಂಡಿ ಒತ್ತಿದರೆ ಸಾಕು, ಸದ್ದೂ ಅಷ್ಟಿಲ್ಲ. ಆದರೆ ಅವಳು ವಾಲುವಾಗ ಅವಳ ಜೊತೆ ಬಂದಿದ್ದ ತಾಯಿ ಮೊಬೈಲಿನಿಂದ ಒಮ್ಮೆ ತಲೆ ಎತ್ತಿ, ಆಮೇಲೆ, ನಮ್ಮ ಅಕ್ಕನ ಹಾಗೆಯೇ, ಪುನಃ ತಗ್ಗಿಸಿದ್ದನ್ನು ನಾನು ಕಂಡೆ. ಅದಕ್ಕೇ ಅಷ್ಟು ಹೊತ್ತು ನೋಡಿದ್ದು. ನಿಮ್ಮ ಮನೆಯಲ್ಲೂ ಹೀಗೆ ಯಾರಾದರೂ ಕೂತಿದ್ದರೆ, ಅವರಿಗಾಗಿ ನೀವು ಕೈಯಾರೆ ಏನಾದರೂ ಮಾಡಿಕೊಟ್ಟಿದ್ದರೆ, ಅಥವಾ ಪ್ರೀತಿಯಿಂದ ತಪ್ಪು ಮಾಡಿ ಆಮೇಲೆ ಸರಿಪಡಿಸಿದ್ದರೆ, ದಯವಿಟ್ಟು ನೀವೂ ಬರೆದು ತಿಳಿಸಿ. ನಾನು ಓದುವುದೂ ನಿಧಾನ, ಆದರೆ ಒಂದನ್ನೂ ಬಿಡದೆ ಓದುತ್ತೇನೆ.